ರಿಪೀಟರ್‌ಗೆ ನನ್ನ ದನಿ ಮುಟ್ಟುವವರೆಗೆ: 11 ದಿನಗಳ ಕೆಲಸದ ಟಿಪ್ಪಣಿ

ನಮ್ಮ ಹವ್ಯಾಸಿ ರೇಡಿಯೊ (ಹ್ಯಾಮ್) ಕ್ಲಬ್‌ನ ರಿಪೀಟರ್, ಅಂದರೆ ನಮ್ಮ ದನಿಯನ್ನು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ, ನನಗೆ ಗಂಟೆ ಬಾರಿಸಿದ ಹಾಗೆ ಕೇಳಿಸುತ್ತಿತ್ತು. ಆದರೆ ನಾನು ಅದಕ್ಕೆ ಕೇಳಿಸುತ್ತಿರಲಿಲ್ಲ. ಕೈಯಲ್ಲಿ 5 ವಾಟ್‌ನ ಹೊಸ ಹ್ಯಾಂಡ್‌ಸೆಟ್, ಪರವಾನಗಿಯೊಂದಿಗೆ ಬಂದ ಕರೆಸಂಕೇತ (ರೇಡಿಯೊದಲ್ಲಿ ನಮ್ಮನ್ನು ಗುರುತಿಸುವ ಹೆಸರು), ಸ್ಪೀಕರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ನಿರಾಳವಾಗಿ ಮಾತನಾಡುತ್ತಿರುವ ಹಿರಿಯ ಹ್ಯಾಮ್‌ಗಳು. ಗುಂಡಿ ಒತ್ತಿ ಕರೆಸಂಕೇತ ಹೇಳಿ ಕೈ ಬಿಟ್ಟರೆ ಬರೀ ಮೌನ. ಆ ಮೌನದಿಂದ ಹೊರಟು ನನ್ನ ಕರೆಸಂಕೇತ ಒಂದೇ ಸಲಕ್ಕೆ ಸ್ಪಷ್ಟವಾಗಿ ಕೇಳಿಸುವುದಕ್ಕೆ 11 ದಿನ ಬೇಕಾಯಿತು. ಇದೇ ಜಾಗದಲ್ಲಿ ಸಿಕ್ಕಿಕೊಂಡವರಿಗೆ ಉಪಯೋಗವಾಗಲಿ ಎಂದು ನೋಟ್‌ಬುಕ್ಕಿನಿಂದ ಇಲ್ಲಿಗೆ ಇಳಿಸುತ್ತಿದ್ದೇನೆ. ಎಡವಿದ ಜಾಗಗಳನ್ನೂ ಬಿಟ್ಟಿಲ್ಲ, ಕಲಿತದ್ದು ಹೆಚ್ಚಾಗಿ ಅಲ್ಲಿಯೇ.

ಮೊದಲ ಸಂಜೆ

ರಿಪೀಟರ್ ಎಂದರೆ ಎತ್ತರದಲ್ಲಿ ಕೂತ ಎರಡು ರೇಡಿಯೊಗಳ ಜೋಡಿ. ಒಂದು ಕೇಳುತ್ತದೆ. ಕೇಳಿದ್ದನ್ನು ಇನ್ನೊಂದು ಅದೇ ಕ್ಷಣದಲ್ಲಿ ಬೇರೆ ಕಂಪನಾಂಕದಲ್ಲಿ ಹೆಚ್ಚು ಶಕ್ತಿಯಿಂದ ಮರಳಿ ಹೇಳುತ್ತದೆ. ನಮ್ಮ ರಿಪೀಟರ್ ಮಾತನಾಡುವುದು 145.700 ಮೆಗಾಹರ್ಟ್ಸ್‌ನಲ್ಲಿ, ಕಿವಿಗೊಡುವುದು 145.100ರಲ್ಲಿ. ನಡುವಿನ 600 ಕಿಲೊಹರ್ಟ್ಸ್ ಅಂತರಕ್ಕೆ ಆಫ್‌ಸೆಟ್ ಎಂದು ಹೆಸರು. ನಾವು ಬಳಸುವ, ಸುಮಾರು 2 ಮೀಟರ್ ತರಂಗಾಂತರದ ಈ ಬ್ಯಾಂಡಿನಲ್ಲಿ (2 ಮೀಟರ್ ಬ್ಯಾಂಡ್) ಬಹಳಷ್ಟು ದೇಶಗಳಲ್ಲಿ ಇದೇ ಅಂತರ ಬಳಕೆಯಲ್ಲಿದೆ. ಹಾಗಾಗಿ ನನ್ನ ಸೆಟ್ 145.700ರಲ್ಲಿ ಕೇಳುತ್ತಿರಬೇಕು, ಗುಂಡಿ ಒತ್ತಿದ ಕೂಡಲೇ 145.100ಕ್ಕೆ ಹಾರಬೇಕು, ಬಿಟ್ಟ ಕೂಡಲೇ ಹಿಂದಿರುಗಬೇಕು.

ಮೆನುವಿನಲ್ಲಿ 0.600 ಎಂದು ತುಂಬಿದ್ದೆ. ದಿಕ್ಕನ್ನೂ ಮೈನಸ್ ಎಂದು ಆರಿಸಿದ್ದೆ ಎಂದೇ ನಂಬಿದ್ದೆ. ಆಂಟೆನಾ ಬಿಚ್ಚಿ, ಆ ಜಾಗಕ್ಕೆ 50 ಓಮ್‌ನ ಡಮ್ಮಿ ಲೋಡ್ (ಶಕ್ತಿಯನ್ನು ಹೊರಸೂಸದೆ ಶಾಖವಾಗಿಸುವ ರೋಧಕ) ಸಿಕ್ಕಿಸಿ, ಗುಂಡಿ ಒತ್ತಿ ಪರದೆಯನ್ನೇ ದಿಟ್ಟಿಸಿದಾಗ ಸತ್ಯ ಗೊತ್ತಾಯಿತು: ಅಂಕಿ ಅಲುಗಾಡಲಿಲ್ಲ, 145.700 ಎಂದೇ ನಿಂತಿತ್ತು. ಅಂತರದ ಬೆಲೆ ಉಳಿದಿತ್ತು, ದಿಕ್ಕಿನ ಆಯ್ಕೆ ಉಳಿದಿರಲಿಲ್ಲ. ಮೆಮೊರಿಗೆ ಹಾಕಿದ ಮೇಲೆ ದಿಕ್ಕು ಬದಲಿಸಿದರೆ ನನ್ನ ಸೆಟ್ ಅದನ್ನು ಮರೆತುಬಿಡುತ್ತದೆ. ಮೊದಲು ದಿಕ್ಕು ಆರಿಸಿ ಆಮೇಲೆ ಮೆಮೊರಿಗೆ ಹಾಕಬೇಕು. ಅಂದರೆ ಅಷ್ಟು ಹೊತ್ತೂ ನಾನು ರಿಪೀಟರಿನ ಬಾಯಿಗೆ ಮಾತನಾಡುತ್ತಿದ್ದೆ, ಕಿವಿ ಬೇರೆ ಕಡೆ ಇತ್ತು. ಯಾವುದೇ ಹೊಸ ಸೆಟ್ಟನ್ನು ಹೀಗೆ ಡಮ್ಮಿ ಲೋಡ್ ಹಾಕಿ ಪರೀಕ್ಷಿಸಿ. ಇನ್ನೊಬ್ಬರ ಮಾತಿನ ಮೇಲೆ ಬೀಳುವ ಭಯವಿಲ್ಲ, ಕಾಣಬೇಕಾದದ್ದು ಕಣ್ಣೆದುರೇ ಕಾಣುತ್ತದೆ.

ಅದು ಸರಿಯಾದರೂ ರಿಪೀಟರ್ ತೆರೆಯಲಿಲ್ಲ. ಉಳಿದದ್ದು ಟೋನ್. ನಮ್ಮ ಮಾತಿನ ಅಡಿಯಲ್ಲಿ ಸಣ್ಣದೊಂದು ಗುಂಯ್‌ಗುಡುವ ಸ್ವರ ನಿರಂತರ ಹರಿಯುತ್ತಿರಬೇಕು. ಆ ಸ್ವರ ಇದ್ದರೆ ಮಾತ್ರ ರಿಪೀಟರ್ ಬಾಗಿಲು ತೆಗೆಯುತ್ತದೆ. ಸಿಟಿಸಿಎಸ್‌ಎಸ್ ಎಂದು ಕರೆಯುವ ಈ ಸ್ವರಗಳು ಸುಮಾರು 67 ಹರ್ಟ್ಸ್‌ನಿಂದ 254 ಹರ್ಟ್ಸ್‌ವರೆಗೆ ಹಬ್ಬಿವೆ. ನಮ್ಮ ಕ್ಲಬ್ ಇಟ್ಟಿರುವುದು 88.5. ಕೇಳುವ ಸೆಟ್ಟುಗಳು ಇಷ್ಟು ತಗ್ಗಿನ ಸ್ವರವನ್ನು ಸೋಸಿಬಿಡುವುದರಿಂದ ನಮ್ಮ ಕಿವಿಗೆ ಅದು ಗೊತ್ತಾಗುವುದೇ ಇಲ್ಲ. ನಾನು 88.5 ಎಂದು ತುಂಬಿದ್ದು ಸ್ವೀಕರಿಸುವ ಟೋನಿನ ಮೆನುವಿನಲ್ಲಿ. ಕಳುಹಿಸುವ ಟೋನ್ ಖಾಲಿ. ಎರಡರ ಹೆಸರೂ ಮೆನುವಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸದಲ್ಲಿ ಅಕ್ಕಪಕ್ಕ ಇವೆ.

ಕಳುಹಿಸುವ ಕಡೆಗೆ ಟೋನ್ ಹಾಕಿ, ಚಾನೆಲ್ ಖಾಲಿಯಿದೆಯೇ ಎಂದು ಎರಡು ನಿಮಿಷ ಕೇಳಿ, ಕರೆಸಂಕೇತ ಹೇಳಿ ಗುಂಡಿ ಬಿಟ್ಟೆ. ಒಂದು ಕ್ಷಣದ ಸುಯ್ಯೆಂಬ ಬಾಲ, ಆಮೇಲೆ ‘ಟಿಣ್’ ಎಂಬ ಪುಟ್ಟ ಸ್ವರ. ರಿಪೀಟರ್ ನನ್ನನ್ನು ಕೇಳಿಸಿಕೊಂಡಿತ್ತು. ಆ ‘ಟಿಣ್’ ಕೇಳಿದಾಗಿನ ಸಂತೋಷ ಇವತ್ತಿಗೂ ಕಿವಿಯಲ್ಲಿದೆ.

ಕೂಡಲೇ ಒಬ್ಬ ಹಿರಿಯರ ಉತ್ತರ ಬಂತು: ‘ರಿಪೀಟರ್ ತೆರೆಯುತ್ತಿದೆ, ಆದರೆ ನಿಮ್ಮ ಮಾತಿಗಿಂತ ಗೊರಗೊರವೇ ಹೆಚ್ಚು. ಕರೆಸಂಕೇತದ ಕೊನೆಯ ಅಕ್ಷರ ಮಾತ್ರ ಸಿಕ್ಕಿತು.’

ಅದು ನನಗೆ ಕೇಳಿಸುತ್ತದೆ, ನಾನು ಅದಕ್ಕೆ ಏಕೆ ಕೇಳಿಸುವುದಿಲ್ಲ?

ಮೂರು ದಿನ ಈ ಪ್ರಶ್ನೆಯ ಸುತ್ತಲೇ ಸುತ್ತಿದೆ. ಆಂಟೆನಾ ಎರಡೂ ದಿಕ್ಕಿಗೆ ಒಂದೇ ರೀತಿ ಕೆಲಸ ಮಾಡುತ್ತದೆ. ನಡುವಿನ ಗೋಡೆ, ಮರ, ದೂರ ಎಲ್ಲವೂ ಇಬ್ಬರಿಗೂ ಸಮ. ಸಮವಲ್ಲದ್ದು ಶಕ್ತಿ. ರಿಪೀಟರ್ 50 ವಾಟ್ ಹೊರಸೂಸುತ್ತದೆ, ನಾನು 5. ಹತ್ತು ಪಟ್ಟು, ಅಂದರೆ 10 ಡೆಸಿಬೆಲ್. ಅದರ ದನಿ ನನ್ನ ಕೋಣೆಗೆ ಬೇಕಾದಷ್ಟು ಮಿಗುವಷ್ಟು ಬರುತ್ತದೆ, ನನ್ನದು ಅಲ್ಲಿಗೆ ಅಂಚಿನಲ್ಲಿ ತಲುಪುತ್ತದೆ. ಇದರಿಂದ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಯಿತು: ನನ್ನ ಸೆಟ್ಟಿನ ಸಿಗ್ನಲ್ ಪಟ್ಟಿಗಳು ಎಷ್ಟೇ ತುಂಬಿದ್ದರೂ ಅವು ರಿಪೀಟರಿನ ಬಲವನ್ನು ಹೇಳುತ್ತವೆ, ನನ್ನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ನನ್ನ ಬಗ್ಗೆ ಹೇಳಬಲ್ಲವರು ಆಚೆ ಕಡೆ ಕೇಳುತ್ತಿರುವ ಮನುಷ್ಯರು ಮಾತ್ರ. ಅಂದಿನಿಂದ ಪ್ರತಿ ಬದಲಾವಣೆಯನ್ನೂ ಅವರ ಕಿವಿಯಿಂದಲೇ ಅಳೆದೆ.

ಮೊದಲು ದುಡ್ಡಿಲ್ಲದ ಉಪಾಯಗಳು. ಕೋಣೆಯೊಳಗೆ ಅಲೆಗಳು ಗೋಡೆಗಳಿಗೆ ಬಡಿದು ಮರಳುವುದರಿಂದ ಅಲ್ಲಲ್ಲಿ ಒಂದನ್ನೊಂದು ನುಂಗಿಬಿಡುತ್ತವೆ. ನಮ್ಮ ತರಂಗಾಂತರ ಸುಮಾರು 2 ಮೀಟರ್, ಹಾಗಾಗಿ ಇಂಥ ಕುರುಡು ಜಾಗಗಳು ಸುಮಾರು ಒಂದೊಂದು ಮೀಟರಿಗೆ ಸಿಗುತ್ತವೆ. ಮೇಜಿನ ಬಳಿಯಿಂದ ಎರಡು ಹೆಜ್ಜೆ ಕಿಟಕಿಯತ್ತ ಸರಿದಾಗ ‘ಈಗ ಪರವಾಗಿಲ್ಲ’ ಎಂಬ ವರದಿ ಬಂತು. ಸೆಟ್ಟನ್ನು ಓರೆಯಾಗಿ ಹಿಡಿಯುವ ಅಭ್ಯಾಸ ಬಿಟ್ಟು ಆಂಟೆನಾ ನೆಟ್ಟಗಿರುವಂತೆ ಹಿಡಿದಾಗ ಇನ್ನಷ್ಟು ಸುಧಾರಿಸಿತು, ಏಕೆಂದರೆ ರಿಪೀಟರಿನ ಆಂಟೆನಾ ಲಂಬವಾಗಿ ನಿಂತಿದೆ.

ಮುಂದಿನದು ಬಾಲದ ತಂತಿ. ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಅರ್ಧ ಸಂಸಾರವಿದ್ದಂತೆ. ಇನ್ನರ್ಧವನ್ನು ಸೆಟ್ಟಿನ ಪುಟ್ಟ ಮೈ ಮತ್ತು ನಮ್ಮ ಕೈ ಹೇಗೋ ತೂಗಿಸುತ್ತವೆ. 49 ಸೆಂಟಿಮೀಟರ್ ಉದ್ದದ ಮೃದು ತಂತಿಯ ಒಂದು ತುದಿಯನ್ನು ಸುಲಿದು ಉಂಗುರ ಮಾಡಿ, ಆಂಟೆನಾ ಕನೆಕ್ಟರಿನ ಹೊರಗಿನ ಲೋಹಕ್ಕೆ ತಾಗುವಂತೆ ಸಿಕ್ಕಿಸಿ, ಆಂಟೆನಾವನ್ನು ಮೇಲೆ ಬಿಗಿಗೊಳಿಸಿ, ತಂತಿಯನ್ನು ಕೆಳಗೆ ಇಳಿಬಿಟ್ಟೆ. ಉಂಗುರ ನಡುವಿನ ಪಿನ್ನಿಗೆ ತಾಗದಂತೆ ನೋಡಿಕೊಳ್ಳಬೇಕು. ಐದು ನಿಮಿಷದ ಕೆಲಸ. ‘ಗೊರಗೊರ ಅರ್ಧಕ್ಕರ್ಧ ಇಳಿದಿದೆ, ಏನು ಮಾಡಿದಿರಿ?’ ಎಂದು ಅದೇ ಹಿರಿಯರು ಕೇಳಿದರು.

ಆದರೂ ಎತ್ತರಕ್ಕೆ ಸಾಟಿಯಿಲ್ಲ. ಈ ಕಂಪನಾಂಕದಲ್ಲಿ ಅಲೆ ಹೆಚ್ಚುಕಡಿಮೆ ಕಣ್ಣೋಟದ ದಾರಿಯಲ್ಲೇ ಸಾಗುತ್ತದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೊಮೀಟರಿನಲ್ಲಿ ಸಿಗುತ್ತದೆ. ಕೈಯಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿರುವ ಸೆಟ್ಟಿಗೆ 5 ಕಿಲೊಮೀಟರ್, 9 ಮೀಟರ್ ಕಂಬಕ್ಕೆ 12, ಸುತ್ತಲಿನ ನೆಲಕ್ಕಿಂತ 100 ಮೀಟರ್ ಮೇಲಿರುವ ರಿಪೀಟರಿಗೆ 41. ಇಬ್ಬರ ದಿಗಂತಗಳನ್ನೂ ಕೂಡಿಸಿದರೆ ಸಂಪರ್ಕ ಸಿಗಬಹುದಾದ ದೂರ. ಈ ಲೆಕ್ಕ ನೋಡಿದ ಮೇಲೆ ಕಂಬ ನೆಡುವುದೆಂದು ತೀರ್ಮಾನಿಸಿದೆ.

ಆಂಟೆನಾ

ಕಟ್ಟಿದ್ದು ಕಾಲು ತರಂಗದ ಗ್ರೌಂಡ್ ಪ್ಲೇನ್. ಎಸ್‌ಒ-239 ಎಂಬ ಚೌಕನೆಯ ಕನೆಕ್ಟರ್ ಒಂದು, 3 ಮಿಲಿಮೀಟರ್ ದಪ್ಪದ ಹಿತ್ತಾಳೆ ಕಡ್ಡಿ ಐದು, ನಾಲ್ಕು ತಿರುಪು. ಒಂದು ಕಡ್ಡಿ ಕನೆಕ್ಟರಿನ ನಡುವಿನ ಬಟ್ಟಲಿಗೆ ಬೆಸುಗೆಯಾಗಿ ಮೇಲಕ್ಕೆ ನಿಲ್ಲುತ್ತದೆ. ಉಳಿದ ನಾಲ್ಕು ಮೂಲೆಯ ತೂತುಗಳಿಗೆ ತಿರುಪಿನಿಂದ ಬಿಗಿಯಾಗಿ 45 ಡಿಗ್ರಿ ಕೆಳಕ್ಕೆ ಬಾಗುತ್ತವೆ. ಆ ಬಾಗುವಿಕೆ ಅಂದಕ್ಕೆ ಇರುವುದಲ್ಲ: ನಾಲ್ಕೂ ಕಡ್ಡಿ ಅಡ್ಡಲಾಗಿದ್ದರೆ ಆಂಟೆನಾದ ಪ್ರತಿರೋಧ ಸುಮಾರು 36 ಓಮ್, ಕೆಳಕ್ಕೆ ಬಾಗಿಸಿದಂತೆ ಅದು ಏರುತ್ತಾ 50ರ ಹತ್ತಿರ ಬರುತ್ತದೆ, ಕೇಬಲ್ಲಿಗೆ ಬೇಕಾದದ್ದೂ ಅದೇ.

75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಕಾಲು ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ. ಲೋಹದ ಕಡ್ಡಿಗೆ ಅದರಲ್ಲಿ ಸುಮಾರು 5 ಪ್ರತಿಶತ ಕಳೆಯಬೇಕು. ನನ್ನ ಎರಡು ಕಂಪನಾಂಕಗಳ ನಡುವಿನ 145.4ಕ್ಕೆ ಲೆಕ್ಕ 49 ಸೆಂಟಿಮೀಟರ್ ಎನ್ನುತ್ತದೆ. ಕತ್ತರಿಸಿದ ಕಡ್ಡಿ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಐದನ್ನೂ 52ಕ್ಕೆ ಕತ್ತರಿಸಿಕೊಂಡೆ. ಕೆಳಗಿನ ನಾಲ್ಕು ಹಾಗೇ ಇರಬಹುದು, ಸ್ವಲ್ಪ ಉದ್ದವಿದ್ದರೆ ಒಳ್ಳೆಯದೇ. ಮೇಲಿನದನ್ನು ಅಳೆದಳೆದು ಕಿರಿದಾಗಿಸಬೇಕು. ಪ್ರತಿ ತುದಿಗೂ ಒಂದೊಂದು ರಬ್ಬರ್ ಟೋಪಿ ಹಾಕಿದೆ. ಕೆಲಸ ಮಾಡುವಾಗ ಆ ತುದಿಗಳು ಸರಿಯಾಗಿ ಕಣ್ಣಿನ ಎತ್ತರಕ್ಕೆ ಬರುತ್ತವೆ.

ಇಲ್ಲಿ ಒಂದು ಇಡೀ ದಿನ ಹೋಯಿತು. ಆಂಟೆನಾವನ್ನು ಕಂಬದ ತುದಿಗೆ ಕಟ್ಟಿ, ಮನೆಯಲ್ಲಿದ್ದ 15 ಮೀಟರ್ ಆರ್‌ಜಿ-58 ಕೇಬಲ್ ಎಳೆದು, ಕೋಣೆಯಲ್ಲಿ ನ್ಯಾನೊವಿಎನ್‌ಎ ಎಂಬ ಆಂಟೆನಾ ಅಳೆಯುವ ಪುಟ್ಟ ಉಪಕರಣ ಜೋಡಿಸಿ ಎಸ್‌ಡಬ್ಲ್ಯುಆರ್ ನೋಡಿದೆ. ಕಳುಹಿಸಿದ ಶಕ್ತಿ ಎಷ್ಟು ಮರಳಿ ಬರುತ್ತದೆ ಎಂಬುದರ ಅಳತೆ ಅದು, ಏನೂ ಮರಳದಿದ್ದರೆ 1. ಬಂದದ್ದು 1.4. ಒಂದು ಕಡ್ಡಿಯನ್ನೂ ಕತ್ತರಿಸುವ ಮೊದಲೇ 1.4! 52 ಸೆಂಟಿಮೀಟರಿಗೆ ಇಷ್ಟು ಒಳ್ಳೆಯ ಅಂಕಿ ಬರಲು ಸಾಧ್ಯವಿಲ್ಲ. ಅನುಮಾನ ಹತ್ತಿ ಮೇಲೆ ಹೋಗಿ ಆಂಟೆನಾವನ್ನು ಪೂರ್ತಿ ಕಳಚಿ ಕೆಳಗಿಟ್ಟೆ. ಬರಿಯ ಕೇಬಲ್, ತುದಿಯಲ್ಲಿ ಏನೂ ಇಲ್ಲ. ಹೋದ ಶಕ್ತಿಯೆಲ್ಲ ಮರಳಿ ಬರಬೇಕು, ಅಂಕಿ ಅನಂತವಾಗಬೇಕು. ವಿಎನ್‌ಎ ತೋರಿಸಿದ್ದು 3.

ಅರ್ಥವಾಗಲು ಕಾಗದ ಪೆನ್ನು ಬೇಕಾಯಿತು. ಆರ್‌ಜಿ-58 ಈ ಕಂಪನಾಂಕದಲ್ಲಿ ಮೀಟರಿಗೆ ಸುಮಾರು 0.2 ಡೆಸಿಬೆಲ್ ತಿನ್ನುತ್ತದೆ. 15 ಮೀಟರಿಗೆ 3 ಡೆಸಿಬೆಲ್, ಅಂದರೆ ಅರ್ಧ ಶಕ್ತಿ. ಹೋಗುವಾಗ ಅರ್ಧ ಕಳೆದು, ತುದಿಯಿಂದ ಮರಳಿ ಬರುವಾಗ ಉಳಿದದ್ದರ ಅರ್ಧ ಕಳೆದು, ವಿಎನ್‌ಎಗೆ ತಲುಪುವುದು ಕಾಲು ಭಾಗ. ಕಾಲು ಭಾಗ ಮರಳಿದರೆ ಎಸ್‌ಡಬ್ಲ್ಯುಆರ್ ಸರಿಯಾಗಿ 3. ನಷ್ಟದ ಕೇಬಲ್ ಆಂಟೆನಾದ ದೋಷವನ್ನು ಮುಚ್ಚಿಟ್ಟು ನನಗೆ ಚಂದದ ಅಂಕಿ ತೋರಿಸುತ್ತಿತ್ತು. ಕೋಣೆಯಲ್ಲಿ ಕೂತು ಮಾಡಿದ ಅಳತೆಯನ್ನು ನಂಬಿ ಕೆಲಸ ಮುಗಿಯಿತೆಂದು ಎದ್ದವರು ಎಷ್ಟು ಜನರೋ ಎಂದು ಆ ರಾತ್ರಿ ಯೋಚಿಸಿದೆ.

ಮರುದಿನ ಆಂಟೆನಾವನ್ನು ತಲೆಯ ಎತ್ತರದ ಕೋಲಿಗೆ ಕಟ್ಟಿ, ಗೇಣುದ್ದದ ತುಂಡು ಕೇಬಲ್ ಬಳಸಿ, ವಿಎನ್‌ಎಯನ್ನು ಆ ತುಂಡಿನ ತುದಿಯಲ್ಲೇ ಕ್ಯಾಲಿಬ್ರೇಟ್ ಮಾಡಿ ಅಳೆದೆ. 145.1ರಲ್ಲಿ 2.1. ಎಸ್‌ಡಬ್ಲ್ಯುಆರ್ ರೇಖೆಯ ಕಣಿವೆಯ ತಳ, ಅಂದರೆ ಅತಿ ಕಡಿಮೆ ಅಂಕಿ, 137 ಮೆಗಾಹರ್ಟ್ಸ್‌ನ ಹತ್ತಿರ. ಇದು ಲೆಕ್ಕಕ್ಕೆ ಒಪ್ಪುವ ಅಂಕಿ. 5 ಮಿಲಿಮೀಟರ್ ಕತ್ತರಿಸಿದರೆ ತಳ ಸುಮಾರು ಒಂದೂವರೆ ಮೆಗಾಹರ್ಟ್ಸ್ ಮೇಲೇರುತ್ತದೆ. ಕತ್ತರಿಸು, ದೂರ ಸರಿ, ನೋಡು; ಮತ್ತೆ ಕತ್ತರಿಸು. ದೂರ ಸರಿಯುವುದು ಮುಖ್ಯ, ಮೈ ಹತ್ತಿರವಿದ್ದರೆ ರೇಖೆ ಅತ್ತಿತ್ತ ಓಲಾಡುತ್ತದೆ. ಕೊನೆಯ ಸೆಂಟಿಮೀಟರನ್ನು ಅರದಿಂದ ಉಜ್ಜಿಯೇ ಇಳಿಸಿದೆ. 49ಕ್ಕೆ ಒಂದು ಮಿಲಿಮೀಟರ್ ಮೇಲೆ ನಿಲ್ಲಿಸಿದಾಗ ಎರಡೂ ಕಂಪನಾಂಕಗಳಲ್ಲಿ 1.2.

ಕೇಬಲ್ ಮತ್ತು ಒಂದು ಹುಸಿ ಬೆಸುಗೆ

ಆರ್‌ಜಿ-58ನ್ನು ಕೈಬಿಟ್ಟು ಕಿರುಬೆರಳು ದಪ್ಪದ ಆರ್‌ಜಿ-213 ತಂದೆ. ಅದೇ 15 ಮೀಟರಿಗೆ ನಷ್ಟ ಸುಮಾರು 1.3 ಡೆಸಿಬೆಲ್. ಮೊದಲು 5 ವಾಟ್‌ನಲ್ಲಿ ಎರಡೂವರೆ ಮಾತ್ರ ಮೇಲೆ ತಲುಪುತ್ತಿತ್ತು, ಈಗ 3.7. ಕಂಬವನ್ನು ವಿದ್ಯುತ್ ತಂತಿಗಳಿಂದ ಅದರ ಪೂರ್ತಿ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ನೆಟ್ಟೆ. ಅದು ಯಾವ ಕಡೆ ಬಿದ್ದರೂ ತಂತಿಗೆ ತಾಗಬಾರದು. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಮೊದಲ ಸಂಜೆ ವರದಿ ಅದ್ಭುತವಾಗಿತ್ತು: ಗೊರಗೊರ ಪೂರ್ತಿ ಮಾಯ. ಎರಡನೆಯ ಸಂಜೆ ಗಾಳಿ ಬೀಸಿತು. ‘ನಿಮ್ಮ ದನಿ ನಡುನಡುವೆ ಕಡಿದು ಹೋಗುತ್ತಿದೆ’ ಎಂದರು. ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಡಿಸಿ ಮಲ್ಟಿಮೀಟರ್ ಹಿಡಿದೆ. ನಡುವಿನ ತಂತಿ ಸರಿ. ಹೊರಗಿನ ಜಾಲರಿಯನ್ನು ಅಳೆಯುತ್ತಾ ಕೆಳತುದಿಯ ಪಿಎಲ್-259 ಕನೆಕ್ಟರನ್ನು ಅಲುಗಿಸಿದರೆ ಬೀಪ್ ಬರುತ್ತದೆ, ಹೋಗುತ್ತದೆ. ಕನೆಕ್ಟರಿನ ಮೈಮೇಲಿನ ನಾಲ್ಕು ತೂತುಗಳಲ್ಲಿ ಬೆಸುಗೆ ಹೊಳೆಯುತ್ತಲೇ ಇತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಅದರ ಅಂಚು ಲೋಹಕ್ಕೆ ಹರಡಿರಲಿಲ್ಲ. ತಾವರೆ ಎಲೆಯ ಮೇಲಿನ ನೀರಿನ ಹನಿಯಂತೆ ಗುಂಡಗೆ ಎದ್ದು ಕೂತಿತ್ತು. ಸೂಜಿಮೊನೆಯಿಂದ ಒತ್ತಿದರೆ ಹನಿ ಹಾಗೆಯೇ ಕಿತ್ತು ಬಂತು, ಅಡಿಯಲ್ಲಿ ಜಾಲರಿ ಒಣಗಿಯೇ ಇತ್ತು.

ಕಾರಣ ನನ್ನ 25 ವಾಟ್‌ನ ಬೆಸುಗೆ ಕಡ್ಡಿ. ಕನೆಕ್ಟರಿನ ದಪ್ಪ ಮೈ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಸೀಸ ಕರಗುತ್ತದೆ, ಆದರೆ ಜಾಲರಿ ಸೀಸ ಹಿಡಿಯುವಷ್ಟು ಕಾಯುವುದಿಲ್ಲ. ಅಗಲ ಮೂತಿಯ 100 ವಾಟ್ ಕಡ್ಡಿಯನ್ನು ಕ್ಲಬ್ಬಿನಿಂದ ಎರವಲು ತಂದೆ. ತೂತುಗಳ ಸುತ್ತಲಿನ ಲೇಪವನ್ನು ಅರದಿಂದ ಹೊಳಪು ಬರುವಂತೆ ಉಜ್ಜಿ, ಫ್ಲಕ್ಸ್ ಸವರಿ, ಕನೆಕ್ಟರಿನ ಮೈಯನ್ನೇ ಮೊದಲು ಕಾಯಿಸಿ ಆಮೇಲೆ ಸೀಸ ತಾಗಿಸಿದೆ. ಈ ಸಲ ಅದು ತೂತಿನೊಳಕ್ಕೆ ತಾನಾಗಿಯೇ ಇಳಿದು ಜಾಲರಿಯ ಎಳೆಗಳ ನಡುವೆ ಹರಿಯಿತು. ಹರಿಯುವುದನ್ನು ಕಣ್ಣಾರೆ ಕಂಡ ಮೇಲೆ ಗುಂಡನೆಯ ಬೆಸುಗೆಯನ್ನು ನಾನು ಇನ್ನೆಂದೂ ಒಪ್ಪಿಕೊಳ್ಳಲಾರೆ. ಮೇಲ್ತುದಿಯ ಕನೆಕ್ಟರನ್ನೂ ಹಾಗೆಯೇ ಹೊಸದಾಗಿ ಮಾಡಿ, ತನ್ನಿಂದ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕಿದೆ. ಕೇಬಲ್ ಮನೆಯೊಳಕ್ಕೆ ನುಗ್ಗುವ ಮುಂಚೆ ಕೆಳಕ್ಕೊಂದು ಬಳುಕು ಕೊಟ್ಟೆ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗುಡುಗಿನ ಸದ್ದು ಕೇಳಿದರೆ ಕೇಬಲ್ ಬಿಚ್ಚಿ ಸೆಟ್ಟಿನಿಂದ ದೂರ ಇಡುತ್ತೇನೆ.

ಸಣ್ಣ ದನಿ

ಗೊರಗೊರ ಹೋಯಿತು, ಕಡಿತವೂ ಹೋಯಿತು. ಆಗ ಉಳಿದ ದೂರು: ‘ನಿಮ್ಮದು ತುಂಬಾ ಸಣ್ಣ ದನಿ, ವಾಲ್ಯೂಮ್ ಏರಿಸಬೇಕಾಗುತ್ತದೆ.’ ನನ್ನ ದನಿಯನ್ನು ನಾನೇ ಕೇಳೋಣವೆಂದು ಪಕ್ಕದಲ್ಲಿ ಎರಡನೆಯ ಸೆಟ್ ಇಟ್ಟೆ. ಅದು ಮೂಕವಾಯಿತು. ಒಂದು ಮಾರು ದೂರದಿಂದ, ಕೇವಲ 600 ಕಿಲೊಹರ್ಟ್ಸ್ ಆಚೆ 5 ವಾಟ್ ಅಬ್ಬರಿಸುತ್ತಿದ್ದರೆ ಅದಕ್ಕೆ ದೂರದ ರಿಪೀಟರ್ ಕೇಳಿಸುವುದಾದರೂ ಹೇಗೆ? ಗೆಳೆಯರೊಬ್ಬರು ತಮ್ಮ ಮನೆಯಲ್ಲಿ ಕೇಳಿಸಿಕೊಂಡು ಮೊಬೈಲಿನಲ್ಲಿ ಧ್ವನಿ ದಾಖಲಿಸಿ ಕಳುಹಿಸಿದರು. ಅವರ ದನಿಗೆ ಹೋಲಿಸಿದರೆ ನನ್ನದು ಪಕ್ಕದ ಕೋಣೆಯಿಂದ ಬಂದಂತಿತ್ತು.

ಎಫ್‌ಎಂನಲ್ಲಿ ದನಿಯ ಗಾತ್ರ ಕಂಪನಾಂಕ ಎಷ್ಟು ಅತ್ತಿತ್ತ ಓಲಾಡುತ್ತದೆ ಎಂಬುದರ ಮೇಲೆ ನಿಂತಿದೆ. ರಿಪೀಟರ್ ವೈಡ್, ಅದರ ಓಲಾಟದ ಮಿತಿ 5 ಕಿಲೊಹರ್ಟ್ಸ್. ನನ್ನ ಸೆಟ್ ನ್ಯಾರೋ ಎಂದು ಇತ್ತು, 2.5ಕ್ಕೆ ಮುಗಿಯುತ್ತಿತ್ತು. ಮೆನುವಿನಲ್ಲಿ ಒಂದು ಪದ ಬದಲಿಸಿದ್ದಷ್ಟೇ. ಮೈಕನ್ನು ಬಾಯಿಗೆ ನೇರ ಹಿಡಿಯದೆ ನಾಲ್ಕು ಬೆರಳು ದೂರದಲ್ಲಿ ಸ್ವಲ್ಪ ಓರೆಯಾಗಿ ಹಿಡಿದು ಮಾತನಾಡಿದರೆ ಉಸಿರಿನ ಬಡಿತವೂ ಇಲ್ಲ.

ಕರೆಸಂಕೇತದ ಮೊದಲ ಅಕ್ಷರ ನುಂಗಿಹೋಗುತ್ತಿದ್ದದ್ದಕ್ಕೆ ಬೇರೆಯೇ ಕಾರಣ. ಗುಂಡಿ ಒತ್ತಿದ ಮೇಲೆ ರಿಪೀಟರ್ ಟೋನನ್ನು ಗುರುತಿಸಿ ಬಾಗಿಲು ತೆಗೆಯಲು ಒಂದಿಷ್ಟು ಹೊತ್ತು ಬೇಕು. ಒತ್ತಿ, ಒಂದು ಉಸಿರು ಕಾದು, ಆಮೇಲೆ ಮಾತು. ಮಾತು ಮುಗಿದವರ ‘ಟಿಣ್’ ಆದ ಮೇಲೂ ಒಂದೆರಡು ಸೆಕೆಂಡ್ ಬಿಡುತ್ತೇನೆ. ಯಾರಿಗೋ ತುರ್ತು ಇದ್ದರೆ ಅವರು ನುಗ್ಗಲು ಇರುವ ಕಿಂಡಿ ಅದೊಂದೇ. ನಮ್ಮ ರಿಪೀಟರಿನಲ್ಲಿ 3 ನಿಮಿಷದ ಗಡಿಯಾರವೂ ಇದೆ, ಅದಕ್ಕೂ ಮೀರಿ ಒಬ್ಬರೇ ಮಾತನಾಡಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಕರೆಸಂಕೇತ ಹೇಳದೆ ಸುಮ್ಮನೆ ಗುಂಡಿ ಒತ್ತಿ ‘ಟಿಣ್’ ಕೇಳಿ ಹೋಗುವವರೂ ಇದ್ದಾರೆ. ಅದು ನನಗೆ ಸರಿಕಾಣುವುದಿಲ್ಲ: ಕೇಳುತ್ತಿರುವ ಹತ್ತು ಜನ ಕಿವಿ ನಿಮಿರಿಸುತ್ತಾರೆ, ಯಾರೂ ಸಿಗುವುದಿಲ್ಲ. ಪರೀಕ್ಷೆ ಎಂದೇ ಹೇಳಿ ಕರೆಸಂಕೇತ ಕೊಟ್ಟರೆ ಯಾರಾದರೊಬ್ಬರು ವರದಿ ಕೊಟ್ಟೇ ಕೊಡುತ್ತಾರೆ.

ಇನ್ನೊಂದು ಅಭ್ಯಾಸ ಈಚಿನದು. ಸೆಟ್ಟಿನ ರಿವರ್ಸ್ ಗುಂಡಿ ಒತ್ತಿದರೆ ಅದು ರಿಪೀಟರಿನ ಕಿವಿಯ ಕಂಪನಾಂಕವನ್ನೇ ಕೇಳುತ್ತದೆ. ಎದುರಿಗಿನವರು ಅಲ್ಲಿಯೂ ಸ್ಪಷ್ಟವಾಗಿ ಕೇಳಿಸಿದರೆ ನಮ್ಮಿಬ್ಬರಿಗೆ ರಿಪೀಟರ್ ಬೇಕಿಲ್ಲ. ನೇರ ಚಾನೆಲ್ಲಿಗೆ ಸರಿದು ದೂರದವರಿಗೆ ಜಾಗ ಬಿಡುತ್ತೇವೆ. ಇದೇ ಆಂಟೆನಾ ಬಳಸಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರಿಪೀಟರನ್ನೂ ಪ್ರಯತ್ನಿಸಬೇಕೆಂದಿದ್ದೇನೆ. ಅದು 145.990ರಲ್ಲಿ 67 ಹರ್ಟ್ಸ್ ಟೋನಿನೊಂದಿಗೆ ಕೇಳಿ 437.800ರಲ್ಲಿ ಮರಳಿ ಹೇಳುತ್ತದೆ. ಬಾಗಿಲು, ಟೋನ್, ಎರಡು ಕಂಪನಾಂಕ, ಎಲ್ಲ ಇಲ್ಲಿಯದೇ ಕಥೆ. ಕಂಬದ ಬದಲು 400 ಕಿಲೊಮೀಟರ್ ಎತ್ತರ.

ಹನ್ನೊಂದನೆಯ ದಿನ

ರಾತ್ರಿಯಿಡೀ ಮಳೆ. ಬೆಳಿಗ್ಗೆ ಕೇಬಲ್ ಬಿಚ್ಚಿ ಮೇಲಿನ ಟೇಪ್ ಮುಟ್ಟಿ ನೋಡಿ ಕೋಣೆಯಲ್ಲಿ ಅಳೆದೆ. ಮಳೆಗೆ ಮುಂಚೆ ಬರೆದಿಟ್ಟ ರೇಖೆಯ ಮೇಲೆಯೇ ಹೊಸ ರೇಖೆ ಕೂತಿತು, ನೀರು ಒಳಗೆ ಇಳಿದಿಲ್ಲ. ಸಂಜೆ ಕ್ಲಬ್ಬಿನ ವಾರದ ನೆಟ್‌ನಲ್ಲಿ (ಸದಸ್ಯರು ರೇಡಿಯೊದಲ್ಲೇ ಸೇರುವ ಕೂಟ) ಹೆಸರು ಕೊಟ್ಟೆ. ಎರಡನೆಯ ಸಲ ಹೇಳಿಸದೆ ಕರೆಸಂಕೇತ ಬರೆದುಕೊಂಡರು.

ನೆಟ್ ಮುಗಿದ ಮೇಲೆ ರಿಪೀಟರ್ ನೋಡಿಕೊಳ್ಳುವವರು ಸಹಾಯ ಕೇಳಿದರು. ಒಂದೇ ಆಂಟೆನಾದಲ್ಲಿ ಏಕಕಾಲಕ್ಕೆ ಕೇಳುತ್ತಾ ಹೇಳುತ್ತಾ ಇರಬೇಕೆಂದರೆ 50 ವಾಟ್‌ನ ಅಬ್ಬರ ತನ್ನದೇ ಕಿವಿಗೆ ಬೀಳದಂತೆ ಡುಪ್ಲೆಕ್ಸರ್ ಎಂಬ ಲೋಹದ ಡಬ್ಬಿಗಳ ಸಾಲು ತಡೆಯುತ್ತದೆ. ಆ ತಡೆ 80 ಡೆಸಿಬೆಲ್‌ಗೂ ಹೆಚ್ಚಿರಬೇಕು, ಅಂದರೆ ಹತ್ತು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಸೋರಬೇಕು. ಈಚೆಗೆ ದೂರದ ಸೆಟ್ಟುಗಳು ರಿಪೀಟರನ್ನು ತೆರೆದು ಮರುಕ್ಷಣ ಕಳೆದುಹೋಗುತ್ತಿವೆಯಂತೆ. ಡಬ್ಬಿಗಳ ಶ್ರುತಿ ಸರಿದಿರಬಹುದು ಎಂಬುದು ಅವರ ಊಹೆ. ಬರುವ ವಾರ ಮೇಲೆ ಹೋಗಿ ಒಂದೊಂದಾಗಿ ಅಳೆಯುತ್ತಾರೆ. ವಿಎನ್‌ಎ, 100 ವಾಟ್ ಕಡ್ಡಿ ಮತ್ತು ಎರಡು ತುಂಡು ಕೇಬಲ್ ಚೀಲಕ್ಕೆ ಹಾಕಿಟ್ಟಿದ್ದೇನೆ.